ಔಷಧಿ ಮೂಲೆಯ ಕಾರ್ಪೆಟ್ಟು

ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿ ಮಳೆ ಹಿಡಿದರೆ ನಮ್ಮ ಮಲೆನಾಡಿನ ಹಾಗೇ, ಬಿಡುವ ಮಾತಿಲ್ಲ. ಶನಿವಾರ ಸಂಜೆ ಭಟ್ಟರ ಮನೆಯಲ್ಲಿ ಖಾರ ಮಂಡಕ್ಕಿ ಮುಂದಿಟ್ಟುಕೊಂಡು ಕೂತಿದ್ದೆವು. ಪದ್ಮ ಆಗಲೇ ಬಂದು ಈರುಳ್ಳಿ ಹೆಚ್ಚುತ್ತಿದ್ದಳು. ಅವಳ ಗಂಡ ಸೀನ, ಮೈಸೂರಿಂದ ಬಂದಿದ್ದ ಮಾವ ರಾಯರ ಜೊತೆ ತಡವಾಗಿ ಬಂದ. ಕೈಯಲ್ಲಿ ಪಿನ್ ಹೊಡೆದ ಸಣ್ಣ ಬಿಳಿ ಚೀಲ, ಕಂಕುಳಲ್ಲಿ ಮೂರು ಪೊಟ್ಟಣ ಚಿಪ್ಸು.

"ಬಿ.ಪಿ. ಮಾತ್ರೆ ತರೋಕೆ ಹೋಗಿದ್ದೆ" ಅಂದ.

"ಚಿಪ್ಸೂ ಡಾಕ್ಟ್ರೇ ಬರ್ಕೊಟ್ರಾ?" ಅಂತ ಭಟ್ಟರು.

"ಸೂಪರ್‌ಮಾರ್ಕೆಟ್ಟಲ್ಲಿ ಔಷಧಿ ಇರೋದು ಕಟ್ಟಕಡೇ ಮೂಲೇಲಿ ಸ್ವಾಮಿ. ಚಿಪ್ಸಿನ ಬೀದಿ, ಕೇಕಿನ ಬೀದಿ ದಾಟ್ಕೊಂಡೇ ಹೋಗ್ಬೇಕು. ಬಿ.ಪಿ. ಇಳಿಸೋ ಮಾತ್ರೆಗೆ ಬಿ.ಪಿ. ಏರಿಸೋ ದಾರಿ!"

ರಾಯರು ಕೋಟು ಕಳಚಿ ಕೂತರು. "ನಮ್ಮೂರ ಮೆಡಿಕಲ್ ಶಾಪಲ್ಲಿ ಹತ್ತು ಕೈ ಒಟ್ಟಿಗೆ ಚಾಚಿರ್ತೀವಿ. ಹುಡುಗ ಕತ್ತರೀಲಿ ಶೀಟು ಕತ್ತರಿಸಿ ನಾಲ್ಕು ಮಾತ್ರೆ ಕೊಡ್ತಾನೆ, ಚಿಲ್ಲರೆ ಬದಲು ಚಾಕಲೇಟು. ಇಲ್ಲೇನಪ್ಪ ಅಲಂಕಾರ! ಅಂಗಡಿಯೆಲ್ಲ ಬೋಳು ನೆಲ, ಆ ಮೂಲೆಗೆ ಮಾತ್ರ ಅಂಗಳದಷ್ಟು ಕಾರ್ಪೆಟ್ಟು. ಕೌಂಟರ್ ಮರದ್ದೂಂತ ಮುಟ್ಟಿ ನೋಡಿದ್ರೆ ಮರದ ಚಿತ್ರ ಅಂಟಿಸಿರೋ ಹಲಗೆ. ಗೋಡೇಲಿ ಹಲ್ಲು ಕಿಸಿದು ಸೈಕಲ್ ಹೊಡೀತಿರೋ ಮುದುಕ ಮುದುಕಿ. ಅವರಿಗೆ ಮಾತ್ರೆ ಬೇಕೇ ಇಲ್ಲ! ಬಿ.ಪಿ. ನೋಡೋ ಕುರ್ಚಿ ಅಂತೂ ದಸರಾ ಸಿಂಹಾಸನ, ತೋಳು ತೂರಿಸಿದ್ರೆ ಗಪ್ಪಂತ ಹಿಡ್ಕೊಳ್ಳತ್ತೆ. ಆಮೇಲೆ ಕೌಂಟರ್ ಹುಡುಗಿ ಇವರನ್ನ ಕರೆದು..."

"ಮಾವ, ಆ ಗೋಡೆ ನೋಡಿದ್ರಾ?" ಸೀನ ನಡುವೆ ಬಾಯಿ ಹಾಕಿದ. "ಹೊಸ ಅಕ್ಷರದ ಹಿಂದೆ ಹಳೇ ಹೆಸರಿನ ನೆರಳು ಇನ್ನೂ ಕಾಣತ್ತೆ. ಕಂಪನಿಗಳು ಒಂದನ್ನೊಂದು ನುಂಗಿದ್ದರ ಗುರುತು ಅದು!"

ಸೀನ ಅಂಗಡಿ ರಾಜಕೀಯ ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿಲ್ಲ. ಅವತ್ತು ಮೈಮೇಲೆ ಬಂದವನ ಹಾಗೆ ಶುರುಮಾಡಿದ. 2015ರಲ್ಲಿ ಆಲ್ಬರ್ಟ್‌ಸನ್ಸ್ ಅನ್ನೋ ಸೂಪರ್‌ಮಾರ್ಕೆಟ್ ಕಂಪನಿ ಸೇಫ್‌ವೇ ಅನ್ನೋ ಇನ್ನೊಂದನ್ನು ಕೊಂಡಿತಂತೆ. ಪೈಪೋಟಿ ಉಳಿಯಲಿ ಅಂತ ಸರ್ಕಾರ 168 ಅಂಗಡಿ ಮಾರಿಸಿತಂತೆ. ಅದರಲ್ಲಿ 146 ಕೊಂಡದ್ದು ಇಲ್ಲೇ ಬೆಲ್ಲಿಂಗ್‌ಹ್ಯಾಮಿನ ಹ್ಯಾಗೆನ್, ಅಲ್ಲಿತನಕ ಬರೀ 18 ಅಂಗಡಿ ನಡೆಸುತ್ತಿದ್ದವರು.

"ಹದಿನೆಂಟು ಇಡ್ಲಿ ಪಾತ್ರೆ ಇಟ್ಕೊಂಡು ಮದುವೆ ಅಡುಗೆ ಒಪ್ಕೊಂಡ್ರು ಅನ್ನಿ" ಅಂದರು ರಾಯರು.

"ಸೆಪ್ಟೆಂಬರ್ ಹೊತ್ತಿಗೆ ದಿವಾಳಿ. ಎಷ್ಟೋ ಅಂಗಡಿ ಆಲ್ಬರ್ಟ್‌ಸನ್ಸ್‌ಗೇ ವಾಪಸ್ಸು. ಮುಂದಿನ ವರ್ಷ ಹ್ಯಾಗೆನ್ನನ್ನೂ ಅವರೇ ಕೊಂಡ್ಕೊಂಡ್ರು."

"ಮಾರಿದ ಹಸು ಕೊಂಡೋನ ಸಮೇತ ಕೊಟ್ಟಿಗೆಗೆ ಬಂತು! ಸರಿ, ಆ ಹುಡುಗಿ ಏನು ಕೇಳಿದ್ಲು ಅಂದ್ರೆ..."

"ಅದಿರಲಿ ಮಾವ, 2022ರ ಕತೆ ಕೇಳಿ!"

ಆ ಅಕ್ಟೋಬರ್‌ನಲ್ಲಿ ಕ್ರೋಗರ್ ಅನ್ನೋ ಮತ್ತೊಂದು ಸೂಪರ್‌ಮಾರ್ಕೆಟ್ ಕಂಪನಿ ಆಲ್ಬರ್ಟ್‌ಸನ್ಸನ್ನೇ 2,460 ಕೋಟಿ ಡಾಲರಿಗೆ ಕೊಳ್ಳಲು ಹೊರಟಿತು. ನಮ್ಮ ಕಡೆ ಕ್ಯುಎಫ್‌ಸಿ, ಫ್ರೆಡ್ ಮೇಯರ್ ಅಂಗಡಿಗಳೆರಡೂ ಕ್ರೋಗರ್‌ದು, ಸೇಫ್‌ವೇ ಆಲ್ಬರ್ಟ್‌ಸನ್ಸ್‌ದು. ಈ ಸಲ 579 ಅಂಗಡಿಗಳನ್ನು ಸಿ ಅಂಡ್ ಎಸ್ ಅನ್ನೋ ಸಗಟು ವ್ಯಾಪಾರದವರಿಗೆ ಮಾರ್ತೀವಿ ಅಂದರು. ಅದರಲ್ಲಿ 124 ನಮ್ಮ ವಾಷಿಂಗ್ಟನ್ ರಾಜ್ಯದವೇ.

"ಮತ್ತೆ ಇಡ್ಲಿ ಪಾತ್ರೆ" ಅಂದರು ರಾಯರು.

ಭಟ್ಟರಿಗೆ ವಾದ ಬೇಕಿತ್ತು. "ತಪ್ಪೇನ್ರೀ? ವಾಲ್‌ಮಾರ್ಟು, ಕಾಸ್ಟ್‌ಕೋ ಎದುರು ನಿಲ್ಲಬೇಕಲ್ಲ. ಬೆಲೆ ಇಳಿಸೋಕೇ 100 ಕೋಟಿ ಡಾಲರ್ ಇಡ್ತೀವಿ ಅಂತ ಕ್ರೋಗರ್ ಹೇಳಿತ್ತು."

ಪದ್ಮ ಚಾಕು ಹಿಡಿದೇ ಈಚೆ ಬಂದಳು. "ಇಳಿಸ್ತಾರೆ! ಅವರ ಬೆಲೆ ನೋಡ್ಕೊಳ್ಳೋ ಅಧಿಕಾರಿಯ ಮೇಲ್ ಕೋರ್ಟಲ್ಲೇ ಹೊರಗೆ ಬಂತಲ್ಲ, ಹಾಲು ಮೊಟ್ಟೆಗೆ ಖರ್ಚು ಏರಿದ್ದಕ್ಕಿಂತ ಹೆಚ್ಚೇ ಏರಿಸಿದ್ವಿ ಅಂತ. ನಾನು ಇಲ್ಲಿ ಕೂಪನ್ ನೋಡಿ, ಅಲ್ಲಿ ಕೂಪನ್ ನೋಡಿ ಟೊಮ್ಯಾಟೊ ತರೋಳು. ಎರಡೂ ಒಬ್ಬನದೇ ಆದ್ರೆ ಯಾರ ಹತ್ತಿರ ಜಗಳ ಆಡ್ಲಿ? ಟೊಮ್ಯಾಟೊಗೆ ಬೇರೆ ಅಂಗಡಿ ಹುಡುಕ್ಬಹುದು. ಔಷಧಿ ಮೂಲೆ ಮುಚ್ಚಿದ್ರೆ ನಮ್ಮ ಪ್ರಿಸ್ಕ್ರಿಪ್ಷನ್ ಫೈಲೂ ಇನ್ಯಾರಿಗೋ ಮಾರಾಟ ಆಗಿರತ್ತೆ. ನಾವು ಫೈಲ್ ಹಿಂದೆ ಹೋಗ್ಬೇಕು!"

ಭಟ್ಟರು ಮಂಡಕ್ಕಿ ಕಡೆ ತಿರುಗಿದರು. ಚಾಕು ಇದ್ದದ್ದರಿಂದಲೋ, ವಾದ ಸರಿ ಇದ್ದದ್ದರಿಂದಲೋ ಗೊತ್ತಿಲ್ಲ. ನಾನಂತೂ ಪದ್ಮಳ ಪಕ್ಷ.

"ಕೊನೆಗೆ ಏನಾಯ್ತು?" ಅಂತ ರಾಯರು.

"2024ರ ಡಿಸೆಂಬರ್ 10, ಒಂದೇ ದಿನ ಎರಡು ಕೋರ್ಟು ಬೇಡ ಅಂದ್ವು ಮಾವ. ಪೋರ್ಟ್‌ಲ್ಯಾಂಡಿನ ಫೆಡರಲ್ ಕೋರ್ಟು, ಸಿಯಾಟಲ್ಲಿನ ರಾಜ್ಯದ ಕೋರ್ಟು. ಮಾರನೇ ದಿನವೇ ಆಲ್ಬರ್ಟ್‌ಸನ್ಸ್ ಒಪ್ಪಂದ ಮುರಿದು ಕ್ರೋಗರ್ ಮೇಲೇ ಕೇಸು ಹಾಕ್ತು." ಸೀನನಿಗೆ ಹೇಳಲು ಬೇರೇನೂ ಉಳಿದಿರಲಿಲ್ಲ.

ರಾಯರಿಗೆ ಈಗ ದಾರಿ ಸಲೀಸು. "ಎರಡೆರಡು ಕೋರ್ಟು ಕಾಗದ ನೋಡ್ತಾವೆ, ಒಳ್ಳೇದೇ. ನಾವು ಒಬ್ಬ ಜೋಯಿಸರನ್ನ ನಂಬ್ಕೊಂಡ್ವಿ. 'ಗುಟ್ಟು ಉಳೀಲಿ, ದೂರ ನಿಲ್ಲಿ' ಅಂತ ಬೋರ್ಡು ಹಾಕಿದಾರಮ್ಮ ಪದ್ದು, ನಾನು ದೂರವೇ ನಿಂತಿದ್ದೆ. ಹುಡುಗಿ ಹುಟ್ಟಿದ ತಾರೀಖು ಕೇಳಿದ್ಲು, ಇವರು ಮೆಲ್ಲಗೆ ಹೇಳಿದ್ರು, ಅವಳು ಅಂಗಡಿಗೆಲ್ಲ ಕೇಳೋ ಹಾಗೆ ಓದಿ ಹೇಳಿದ್ಲು: 1971. ನಮಗೆ ಕೊಟ್ಟ ಜಾತಕದಲ್ಲಿ 1974 ಇತ್ತು."

ಪದ್ಮ ಸೀನನನ್ನೇ ನೋಡಿದಳು. ಸೀನ ಸದ್ದಿಲ್ಲದೆ ಚಿಪ್ಸಿನ ಪೊಟ್ಟಣ ಒಡೆದ.