ಡಿಮ್ ಸಮ್: ಕಡುಬೋ, ತಿಂಡಿಯೋ? ಜೊತೆಗೆ ‘ವೀಕ್ಷಕ ವಿವರಣೆ’ ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಚೀನೀ ಅಡುಗೆಯ ‘ಡಿಮ್ ಸಮ್’ ಅನ್ನುವ ಹೆಸರನ್ನು ಕನ್ನಡದಲ್ಲಿ ಹೇಗೆ ಬಳಸಬೇಕು? ಬೆಂಗಳೂರಿನಲ್ಲಿ ಈಗ ಇದು ಅಪರೂಪದ ಮಾತಲ್ಲ. ಹೋಟೆಲಿನ ಮೆನುವಿನಲ್ಲಿದೆ, ಸೂಪರ್ ಮಾರ್ಕೆಟ್ಟಿನ ಫ್ರೀಜರ್‌ನಲ್ಲೂ ಇದೆ. ಆದರೆ ನಾವು ಅದನ್ನು ಎರಡು ಅರ್ಥದಲ್ಲಿ ಆಡುತ್ತೇವೆ. “ಡಿಮ್ ಸಮ್ ತಿನ್ನೋಕೆ ಹೋಗೋಣ” ಅಂದಾಗ ಅದು ಒಂದು ಬಗೆಯ ಊಟ. “ಇನ್ನೆರಡು ಡಿಮ್ ಸಮ್ ಹಾಕ್ಕೊಳ್ಳೋ” ಅಂದಾಗ ಬುಟ್ಟಿಯಲ್ಲಿರುವ ಒಂದೊಂದು ತುಣುಕು. ಇವೆರಡರಲ್ಲಿ ಸರಿ ಯಾವುದು?

ಹೋದ ವಾರಾಂತ್ಯ ಗೆಳೆಯರೆಲ್ಲ ಸೇರಿದ್ದೆವು. ಶನಿವಾರ ಮಧ್ಯಾಹ್ನ ಎಂ.ಜಿ. ರಸ್ತೆಯ ಹತ್ತಿರ ಡಿಮ್ ಸಮ್, ಭಾನುವಾರ ಜಯನಗರದ ಗೆಳೆಯನ ಮನೆಯಲ್ಲಿ ಟಿವಿ ಮುಂದೆ ಕ್ರಿಕೆಟ್. ನಮ್ಮಲ್ಲಿ ಹುಬ್ಬಳ್ಳಿಯವರಿದ್ದಾರೆ, ತೀರ್ಥಹಳ್ಳಿಯವರಿದ್ದಾರೆ, ಮಡಿಕೇರಿಯವರೂ ಇದ್ದಾರೆ. ಹಾಗಾಗಿ “ಇದಕ್ಕೆ ಕಡುಬು ಅಂದ್ರೆ ಆಯ್ತಲ್ವಾ?” ಅಂತ ಒಬ್ಬರು ಕೇಳಿದ್ದೇ ತಡ, ಮಾತು ಕಾವೇರಿತು.

ಹುಬ್ಬಳ್ಳಿಯ ಗೆಳೆಯ ತಕ್ಷಣ ಒಪ್ಪಿದ. “ಒಳಗ ಹೂರಣ ಐತಲ್ಲ, ಮತ್ತ ಕಡಬ ಅದು” ಅಂದ. ಅವರ ಕಡೆ ಎಣ್ಣೆಯಲ್ಲಿ ಕರಿದದ್ದೂ ಕಡುಬೇ, ಕರಿಗಡುಬು. ಹೂರಣ ಇದ್ದರೆ ಸಾಕು, ಹಬೆ ಬೇಕೇ ಬೇಕು ಅಂತಿಲ್ಲ. ತೀರ್ಥಹಳ್ಳಿಯವಳು ಇದಕ್ಕೆ ಪೂರ್ತಿ ಉಲ್ಟಾ. ಮಲೆನಾಡಿನ ದಿನನಿತ್ಯದ ಕಡುಬಿಗೆ ಹೂರಣವೇ ಇಲ್ಲ. ಅಕ್ಕಿ ತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಇಡುತ್ತಾರೆ. ಮೀನು ಸಾರಿನ ಜೊತೆ ತಿನ್ನುತ್ತಾರೆ. ಕೊಡಗಿನ ಕಡಂಬುಟ್ಟೂ ಹಾಗೆಯೇ, ಅದಕ್ಕೆ ಪಂದಿ ಕರಿ ಜೊತೆ. ಕರಾವಳಿಯ ಕೊಟ್ಟೆ ಕಡುಬು ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯುವ ಇಡ್ಲಿ ಹಿಟ್ಟು. ಅಲ್ಲೂ ಹೂರಣ ಇಲ್ಲ. ಅಂದರೆ ಒಂದೇ ಪದ ಒಂದು ಕಡೆ ಹೂರಣಕ್ಕೆ ಅಂಟಿಕೊಂಡಿದೆ, ಇನ್ನೊಂದು ಕಡೆ ಹಬೆಗೆ. ನಮ್ಮ ಬೆಂಗಳೂರು-ಮೈಸೂರು ಕಡೆಯ ಗೌರಿ-ಗಣೇಶ ಹಬ್ಬದ ಕಡುಬಿನಲ್ಲಿ ಮಾತ್ರ ಎರಡೂ ಇವೆ.

ನಮ್ಮ ಮುಂದಿದ್ದ ಬುಟ್ಟಿಯಲ್ಲೂ ಎರಡೂ ಇದ್ದವು. ಅದು ಹಾ ಗಾವ್, ಸಿಗಡಿ ತುಂಬಿದ್ದು. ಬಿದಿರಿನ ಮುಚ್ಚಳ ತೆಗೆದ ಕೂಡಲೇ ಹಬೆ ಕನ್ನಡಕಕ್ಕೆ ಬಡಿಯಿತು. ಹೊದಿಕೆ ಎಷ್ಟು ತೆಳುವಾಗಿತ್ತು ಅಂದರೆ ಒಳಗಿನ ಸಿಗಡಿಯ ನಸುಗೆಂಪು ಹೊರಗೇ ಕಾಣುತ್ತಿತ್ತು. ಒಂದು ಬದಿಗೆ ಮಾತ್ರ ಸಣ್ಣ ಸಣ್ಣ ನೆರಿಗೆ, ಇನ್ನೊಂದು ಬದಿ ನುಣುಪು. ಗೋಧಿಯ ಪಿಷ್ಟಕ್ಕೆ ಕುದಿಯುವ ನೀರು ಹಾಕಿ ಕಲಸಿದರೆ ಆ ಪಾರದರ್ಶಕ ಹೊದಿಕೆ ಬರುತ್ತದೆ. ನಮ್ಮಲ್ಲಿ ಕಡುಬಿಗೆ ಅಕ್ಕಿ ಹಿಟ್ಟನ್ನು ಬಿಸಿನೀರಲ್ಲಿ ಉಕ್ಕರಿಸುತ್ತಾರಲ್ಲ, ಅದೇ ಕೆಲಸ. ಹಾಗಾಗಿ ಈ ಒಂದು ತುಣುಕನ್ನು ‘ಸಿಗಡಿ ಕಡುಬು’ ಅನ್ನಲು ನನಗೆ ಯಾವ ಅಡ್ಡಿಯೂ ಕಾಣುವುದಿಲ್ಲ. ಹೂರಣ, ನೆರಿಗೆ, ಹಬೆ ಎಲ್ಲ ಪದವೂ ನಮ್ಮ ಅಡುಗೆಮನೆಯಲ್ಲೇ ಇವೆ. ‘ಹೂರಣ ಅಂದ್ರೆ ಸಿಹಿ’ ಅಂತ ಕೆಲವರು ತಕರಾರು ತೆಗೆದರು. ಹೂರಣ ಬಂದಿದ್ದು ಪೂರಣದಿಂದ, ತುಂಬುವುದು ಅಂತ ಅರ್ಥ. ಮೂಲದಲ್ಲಿ ಸಿಹಿಯ ಮಾತೇ ಇಲ್ಲ. ಉದ್ದಿನಬೇಳೆಯ ಖಾರದ ಕಡುಬಿಗೂ ನಾವು ಹೂರಣ ಅಂತೀವಿ. ಸಿಗಡಿಗೆ ಯಾಕೆ ಬೇಡ?

ಆದರೆ ‘ಡಿಮ್ ಸಮ್ = ಕಡುಬು’ ಅಂತ ಬರೆದರೆ ಅದು ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ. ಡಿಮ್ ಸಮ್ ಒಂದು ತಿನಿಸಿನ ಹೆಸರಲ್ಲ. ಅದು ಕ್ಯಾಂಟನೀಸ್ ಮಾತು, ಗ್ವಾಂಗ್‌ಡಾಂಗ್ ಮತ್ತು ಹಾಂಗ್‌ಕಾಂಗ್ ಕಡೆಯದು. ಬಿಡಿಸಿದರೆ ‘ಹೃದಯ ಮುಟ್ಟು’ ಅಂತಾಗುತ್ತದೆ. ಬಳಕೆಯಲ್ಲಿ ಮಾತ್ರ ಚಹಾದ ಜೊತೆ ತಿನ್ನುವ ಸಣ್ಣಪುಟ್ಟ ಪದಾರ್ಥಗಳಿಗೆಲ್ಲ ಸೇರಿ ಒಂದೇ ಹೆಸರು. ಅದರಲ್ಲಿ ಹಾ ಗಾವ್ ಇದೆ, ಮೇಲೆ ಬಾಯಿ ತೆರೆದುಕೊಂಡೇ ಇರುವ ಸಿಯು ಮಾಯ್ ಇದೆ, ಅಕ್ಕಿ ಹಿಟ್ಟಿನ ತೆಳು ಹಾಳೆ ಸುತ್ತಿದ ಚಂಗ್ ಫನ್ ಇದೆ. ಮೂಲಂಗಿ ತುರಿ ಹಾಕಿ ಹಬೆಯಲ್ಲಿ ಬೇಯಿಸಿ, ಕತ್ತರಿಸಿ, ಕಾವಲಿ ಮೇಲೆ ಕೆಂಪಗೆ ಮಾಡಿದ ಬಿಲ್ಲೆ ಇದೆ. ಮೊಟ್ಟೆಯ ಟಾರ್ಟ್ ಕೂಡ ಇದೆ. ಇದೆಲ್ಲ ಕಡುಬು ಹೇಗಾಗುತ್ತದೆ?

ಇದಕ್ಕೆ ಸರಿಸಾಟಿ ಪದ ನಮ್ಮ ಬಾಯಲ್ಲಿ ದಿನಾ ಇದೆ: ತಿಂಡಿ. ಅಲ್ಲಿಯವರು ಡಿಮ್ ಸಮ್ ತಿನ್ನಲು ಹೋಗುವುದಕ್ಕೆ ‘ಯಮ್ ಛಾ’ ಅಂತಾರೆ. ಅಂದರೆ ಬರೀ ‘ಚಹಾ ಕುಡಿ’ ಅಂತ. ಕುಡಿಯುವುದು ಚಹಾ, ಅದರ ಜೊತೆ ತಿನ್ನುವುದು ಡಿಮ್ ಸಮ್. ನಮ್ಮ ‘ಕಾಫಿ-ತಿಂಡಿ’ ಥೇಟ್ ಇದೇ ಜೋಡಿ ಅಲ್ವಾ? “ಬನ್ನಿ, ಕಾಫಿ ಕುಡಿಯೋಣ” ಅಂತ ದರ್ಶಿನಿಗೆ ಕರೆದುಕೊಂಡು ಹೋದವರು ಇಡ್ಲಿ-ವಡೆ ತಿನ್ನಿಸದೆ ಕಳಿಸುತ್ತಾರಾ? ಯಮ್ ಛಾದಲ್ಲೂ ಹಾಗೆಯೇ, ಹೆಸರಿನಲ್ಲಿ ಚಹಾ ಮಾತ್ರ ಇದ್ದರೂ ಮೇಜಿನ ತುಂಬ ಬುಟ್ಟಿಗಳು. ಈ ಲೆಕ್ಕದಲ್ಲಿ “ಒಂದು ಡಿಮ್ ಸಮ್ ಕೊಡಿ” ಅನ್ನುವುದು “ಒಂದು ತಿಂಡಿ ಕೊಡಿ” ಅಂದ ಹಾಗೆ. ಯಾವ ತಿಂಡಿ ಅಂತ ಮಾಣಿ ಕೇಳಲೇಬೇಕಾಗುತ್ತದೆ.

ಚಹಾದ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ನಾವು ಬೆಂಗಳೂರಿನವರು ‘ಟೀ’ ಅಂತೀವಿ, ಹುಬ್ಬಳ್ಳಿಯವರು ‘ಚಹಾ’ ಅಂತಾರೆ. ಎರಡೂ ಚೀನಾದವೇ. ಟೀ ಬಂದಿದ್ದು ಫುಜಿಯನ್ ಕರಾವಳಿಯ ‘ತೆ’ಯಿಂದ, ಡಚ್ಚರ ಹಡಗು ವ್ಯಾಪಾರದ ದಾರಿಯಲ್ಲಿ. ಚಹಾದ ಬೇರು ಚೀನಾದ ಉಳಿದ ಭಾಗಗಳ ‘ಛಾ’. ಯಮ್ ಛಾದ ಛಾ ಇದೇ. ಗೆಳೆಯನಿಗೆ ಇದನ್ನು ಹೇಳಿದಾಗ ಅವನ ಮುಖ ನೋಡಬೇಕಿತ್ತು, ಅಷ್ಟು ಖುಷಿ.

ಮೊಮೊ ಬೇರೆ. ಅದು ಟಿಬೆಟ್-ನೇಪಾಳದ್ದು. 1961ರಲ್ಲಿ ಬೈಲಕುಪ್ಪೆಯಲ್ಲಿ ಟಿಬೆಟನ್ನರ ನೆಲೆ ಶುರುವಾಯಿತು, ಹಾಗಾಗಿ ಕರ್ನಾಟಕಕ್ಕೆ ಆ ನಂಟು ಹಳೆಯದು. ಹಾ ಗಾವ್‌ಗೆ ಮೊಮೊ ಅನ್ನುವುದು ಸರಿಯಲ್ಲ.

ಇನ್ನು ಭಾನುವಾರದ್ದು. ಟಿವಿಯಲ್ಲಿ ಕನ್ನಡ ಕಾಮೆಂಟರಿ ಹಾಕಿದ್ದೆವು. ನಮಗೆಲ್ಲ ಅದೇ ಇಷ್ಟ. ಐಪಿಎಲ್‌ಗೆ 2018ರಲ್ಲಿ ಟಿವಿ ಕಾಮೆಂಟರಿ ಕನ್ನಡದಲ್ಲೂ ಬಂತು. ಆಗಿನಿಂದ ಮನೆಯ ಹಿರಿಯರೂ ನಮ್ಮ ಜೊತೆ ಕೂತು ಮ್ಯಾಚ್ ನೋಡುವುದು ಜಾಸ್ತಿಯಾಗಿದೆ. ಪತ್ರಿಕೆಯ ‘ಹುದ್ದರಿ’ ಟಿವಿ ಮುಂದೆ ಯಾರ ಬಾಯಲ್ಲೂ ಇಲ್ಲ, ಎಲ್ಲರಿಗೂ ಅದು ವಿಕೆಟ್ಟೇ. ಆದರೆ ಆ ವಿಕೆಟ್ ‘ಉರುಳುತ್ತದೆ’, ಸಿಕ್ಸರ್ ‘ಬಾರಿಸುತ್ತಾರೆ’, ಕ್ಯಾಚ್ ‘ಕೈಚೆಲ್ಲುತ್ತಾರೆ’. ನಾಮಪದ ಹೊರಗಿನದಾದರೂ ಕ್ರಿಯಾಪದ ನಮ್ಮದು. ಇದು ನನಗೆ ಬಹಳ ಹಿಡಿಸುತ್ತದೆ.

ನನ್ನನ್ನು ಕಾಡಿದ್ದು ‘ವೀಕ್ಷಕ ವಿವರಣೆ’. ಕಾಮೆಂಟರಿಗೆ ಇದು ಹಳೆಯ, ಒಳ್ಳೆಯ ಕನ್ನಡ ಪದ. ಆಕಾಶವಾಣಿಗೆ ಹೇಳಿ ಮಾಡಿಸಿದ ಹಾಗಿತ್ತು. ಮೈದಾನದಲ್ಲಿ ಒಬ್ಬರು ನೋಡುತ್ತಾರೆ, ನೋಡಿದ್ದನ್ನು ಹೇಳುತ್ತಾರೆ. ಅವರು ವೀಕ್ಷಕರು, ನಾವು ಕೇಳುಗರು. ಟಿವಿಯಲ್ಲಿ ಈ ಏರ್ಪಾಡೇ ಬದಲಾಯಿತು. ‘ಪ್ರಿಯ ವೀಕ್ಷಕರೇ’ ಅಂದರೆ ಈಗ ಸೋಫಾದಲ್ಲಿ ಕೂತ ನಾವು. ಹಾಗಾದರೆ ‘ವೀಕ್ಷಕ ವಿವರಣೆ’ಯ ವೀಕ್ಷಕ ಯಾರು? ಹೊಸಬರು ಇದನ್ನು ‘ವೀಕ್ಷಕರಿಗಾಗಿ ಕೊಡುವ ವಿವರಣೆ’ ಅಂತಲೇ ಬಿಡಿಸಿಕೊಳ್ಳುತ್ತಿದ್ದಾರೆ. ನಮ್ಮ ಗುಂಪಿನಲ್ಲೇ ಇಬ್ಬರು ಹಾಗೆ ತಿಳಿದಿದ್ದರು. ಸಮಾಸ ಅದೇ, ಒಳಗಿನ ಸಂಬಂಧ ತಿರುಗಿಬಿಟ್ಟಿದೆ.

ಟಿವಿ ಮುಂದೆ ಎದ್ದ ಇನ್ನೊಂದು ಚರ್ಚೆ ಒಂದೇ ಸ್ವರದ ಮೇಲೆ. “ಈ ಸಲ ಕಪ್ ನಮ್ದೇ” ಅಂತ ಆರ್‌ಸಿಬಿ ಅಭಿಮಾನಿಗಳು ವರ್ಷಗಟ್ಟಲೆ ಕೂಗಿದರು. 2024ರ ಮಾರ್ಚ್ 17ರಂದು ಮಹಿಳೆಯರ ತಂಡ ಕಪ್ ಗೆದ್ದಾಗ ನಾಯಕಿ ಸ್ಮೃತಿ ಮಂಧಾನ ಅದನ್ನು “ಈ ಸಲ ಕಪ್ ನಮ್ದು” ಅಂತ ತಿದ್ದಿ ಹೇಳಿದರು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪುರುಷರ ತಂಡ ಪಂಜಾಬ್ ಕಿಂಗ್ಸ್ ಎದುರು 6 ರನ್ನಿನಿಂದ ಗೆದ್ದ ರಾತ್ರಿಯೂ ಬೀದಿಬೀದಿಯಲ್ಲಿ ‘ನಮ್ದು’ ಕೇಳಿಸಿತು. ಇನ್ನೂ ಕೈಗೆ ಬಾರದ್ದನ್ನು ಹಟದಿಂದ ಹೇಳುವಾಗ ‘ಏ’ ಬೇಕು. ಬಂದ ಮೇಲೆ ಆ ಒತ್ತು ಬೇಡ. ಸಾಂಗ್ಲಿಯಲ್ಲಿ ಬೆಳೆದ ಹುಡುಗಿ ನಮ್ಮ ಭಾಷೆಯ ಈ ಸೂಕ್ಷ್ಮವನ್ನು ಹಿಡಿದು ಆಡಿದ್ದಕ್ಕೆ ನನಗೆ ಇವತ್ತಿಗೂ ಹೆಮ್ಮೆ.

ನಿಮ್ಮಿಂದ ತಿಳಿಯಬೇಕಾದದ್ದು ಇಷ್ಟು. ಹೋಳಿಗೆಯ ಮೇಲಿನ ಹಿಟ್ಟಿಗೆ ಕಣಕ ಅಂತೀವಿ. ಕಡುಬಿನ ಅಕ್ಕಿ ಹಿಟ್ಟಿನ ಹೊದಿಕೆಗೂ ನಿಮ್ಮ ಕಡೆ ಕಣಕ ಅಂತಲೇ ಅಂತಾರಾ, ಬೇರೆ ಪದ ಇದೆಯಾ? ಸಿಯು ಮಾಯ್ ಹಾಗೆ ಬಾಯಿ ಮುಚ್ಚದೆ ಬೇಯಿಸುವ ಕಡುಬು ನಿಮ್ಮ ಊರಲ್ಲಿ ಇದ್ದರೆ ಅದರ ಹೆಸರೇನು? ಹಾಗೆಯೇ ಟಿವಿ ಕಾಮೆಂಟರಿಗೆ ‘ವೀಕ್ಷಕ ವಿವರಣೆ’ಯನ್ನೇ ಉಳಿಸಿಕೊಳ್ಳೋಣವಾ, ‘ಆಟದ ವಿವರಣೆ’ ಅಂದರೆ ಸಾಕಾ? ನನ್ನ ಒಲವು ಎರಡನೆಯದರ ಕಡೆಗಿದೆ. ರೇಡಿಯೋದಲ್ಲಿ ವಿವರಣೆ ಕೊಟ್ಟ ಅನುಭವ ಇರುವವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ನಿಮ್ಮನ್ನು ನೀವು ಏನಂತ ಕರೆದುಕೊಳ್ಳುತ್ತಿದ್ದಿರಿ?