ಸಹಾಯ ಬೇಕು: ಟ್ಯೂಬಲ್ಲಿ ಗರ್ಭ, ಎರಡನೇ ಇಂಜೆಕ್ಷನ್ನಾ ಆಪರೇಷನ್ನಾ?

ಅಕ್ಕಂದಿರೇ, ನನಗೆ 29 ವರ್ಷ. ಏಳನೇ ವಾರದ ಸ್ಕ್ಯಾನಿಂಗಲ್ಲಿ ಗರ್ಭ ಗರ್ಭಕೋಶದಲ್ಲಲ್ಲ, ಎಡಗಡೆ ಟ್ಯೂಬಲ್ಲಿ (ಗರ್ಭನಾಳದಲ್ಲಿ) ನಿಂತಿದೆ ಅಂತ ಗೊತ್ತಾಯಿತು. 2.3 ಸೆಂ.ಮೀ. ಇದೆ, ಹಾರ್ಟ್‌ಬೀಟ್ ಇಲ್ಲ. ಅದು ಬೆಳೆಯದಂತೆ ತಡೆಯೋ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಕೊಟ್ಟರು. ಫೋಲಿಕ್ ಆಸಿಡ್ ಮಾತ್ರೆ ನಿಲ್ಲಿಸಿದ್ದೇನೆ.

ಇಂಜೆಕ್ಷನ್ ದಿನ ರಕ್ತದಲ್ಲಿ ಬೀಟಾ ಎಚ್‌ಸಿಜಿ (ಗರ್ಭದ ಹಾರ್ಮೋನ್) 1840 ಇತ್ತು. ನಾಲ್ಕನೇ ದಿನ 2210 ಆಯಿತು. ಗಾಬರಿಯಾದೆ. ಆಗ ಏರೋದು ಸಾಮಾನ್ಯ, ನಾಲ್ಕರಿಂದ ಏಳನೇ ದಿನಕ್ಕೆ 15% ಇಳಿಯಬೇಕು ಅಂದರು ಡಾಕ್ಟರ್. ಇವತ್ತು ಏಳನೇ ದಿನ, 1960. ಲೆಕ್ಕ ಹಾಕಿದರೆ 11% ಅಷ್ಟೇ!

ಇನ್ನೊಂದು ಇಂಜೆಕ್ಷನ್ ಅಥವಾ ಲ್ಯಾಪ್ರೋಸ್ಕೋಪಿ (ಸಣ್ಣ ರಂಧ್ರ ಮಾಡಿ ಮಾಡೋ ಆಪರೇಷನ್), ಯಾವುದು ಅಂತ ನಾಳೆ ಹೇಳಿ ಅಂದಿದ್ದಾರೆ. ನಮ್ಮದು ತೀರ್ಥಹಳ್ಳಿ ಕಡೆ ಹಳ್ಳಿ. ರಾತ್ರಿ ಟ್ಯೂಬ್ ಒಡೆದರೆ ಶಿವಮೊಗ್ಗ ತಲುಪೋದು ಹೇಗೆ ಅನ್ನೋದೇ ಚಿಂತೆ. ತಲೆಸುತ್ತು, ಭುಜನೋವು, ಜೋರು ಹೊಟ್ಟೆನೋವು ಬಂದರೆ ಕಾಯಬೇಡಿ ಅಂದಿದ್ದಾರೆ. (ಅತ್ತೆಗೆ ಇನ್ನೂ ಇದು ಬರೀ ಗ್ಯಾಸ್ಟ್ರಿಕ್ಕು!)

ಎರಡನೇ ಡೋಸ್ ತಗೊಂಡವರಿಗೆ ಎಚ್‌ಸಿಜಿ ಸೊನ್ನೆಗೆ ಬರಲು ಎಷ್ಟು ವಾರ ಹಿಡಿಯಿತು? ಆಪರೇಷನ್ನಲ್ಲಿ ಟ್ಯೂಬ್ ತೆಗೆಸಿದವರಿಗೆ ಆಮೇಲೆ ಮಗು ಆಯಿತಾ? ಡಾಕ್ಟರ ಮಾತನ್ನೇ ಕೇಳುತ್ತೇನೆ. ಆದರೆ ಅನುಭವಿಸಿದವರ ಮಾತೂ ಬೇಕು ಅನ್ನಿಸುತ್ತಿದೆ. ಇವತ್ತು ರಾತ್ರಿಯೊಳಗೆ ಹೇಳಿ ಪ್ಲೀಸ್.