ಅಂಬೆಗಾಲಿಡುವ ಮಗು, ಅಡುಗೆಮನೆಯ ತುಂಬ ಇರುವೆ–ಜಿರಲೆ

ಪ್ರಶ್ನೆ: ಮಗು ನೆಲದಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ವಿಷ ಸಿಂಪಡಿಸಲು ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?

ಉತ್ತರ: ಕೊಲ್ಲುವುದಕ್ಕಿಂತ ಇರುವೆಯ ದಾರಿಯನ್ನು ಅಳಿಸಿ. ಮುಂದೆ ಹೋದದ್ದು ಬಿಟ್ಟ ವಾಸನೆಯ ಜಾಡನ್ನೇ ಹಿಂದಿನವು ಹಿಡಿಯುತ್ತವೆ. ಸಾಬೂನು ನೀರಿನ ಬಟ್ಟೆಯಿಂದ ಗೋಡೆಯ ಬಿರುಕಿನವರೆಗೂ ಒರೆಸಿ, ಬಿರುಕನ್ನು ಮುಚ್ಚಿ. ನಾನು ಮೂರು ದಿನ ಹಟ ಹಿಡಿದು ಒರೆಸಿದೆ, ಸಾಲು ನಿಂತಿತು. ಜಿರಲೆಗೆ ನೀರೇ ಸಿಗಬಾರದು: ಸೋರುವ ನಲ್ಲಿಯನ್ನು ಸರಿಪಡಿಸಿ, ರಾತ್ರಿ ಸಿಂಕ್ ಒರೆಸಿ ಮಲಗಿ.

ಇನ್ನೊಬ್ಬರು: ಮೂಲೆಗಳಲ್ಲಿ ಕರ್ಪೂರ ಇಡಿ, ಅದು ನೈಸರ್ಗಿಕ.

ಉತ್ತರ: ದಯವಿಟ್ಟು ಬೇಡ! ಮಗು ಸ್ವಲ್ಪವೇ ಕರ್ಪೂರ ನುಂಗಿದರೂ ಸೆಳವು (ಫಿಟ್ಸ್) ಬರಬಹುದು. ಜಿರಲೆಗೆಂದು ಹಾಕುವ ಬೋರಿಕ್ ಪುಡಿಯೂ ಈಗ ಬೇಡ.

ಪ್ರಶ್ನೆ ಕೇಳಿದವರು: ಕರ್ಪೂರವನ್ನು ಈಗಲೇ ತೆಗೆದೆ. ಇಂದು ರಾತ್ರಿಯಿಂದಲೇ ಸಿಂಕ್ ಒರೆಸುತ್ತೇನೆ.